ರಾಕ್ಷಸನಿಗೆ ಕೇಳಬೇಕಿದ್ದ ಪ್ರಶ್ನೆ

೧೯೮೭ರಲ್ಲಿ ಸುಗ್ಗಿ ಮುಗಿದ ಮೇಲೆ ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡಾಟ ನಡೆಯಿತು. ರಾಕ್ಷಸನ ಪಾತ್ರ ಲಾಲಪ್ಪನವರದು. ಸಾರಥಿಯ ಪಾತ್ರ ಅವರ ಮಗ ತಾಯಪ್ಪನವರದು. ಪರದೆ ಸರಿದು ಯಾವ ಪಾತ್ರ ಬಂದರೂ, ಅದು ದೇವರಿರಲಿ ದೈತ್ಯನಿರಲಿ, ಸಾರಥಿ ಎದುರು ಹೋಗಿ ವಿಚಾರಿಸಬೇಕು. ಬಂದವರು ಯಾರು, ಹೆಸರೇನು, ಊರು ಯಾವುದು, ತಂದೆ ಯಾರು, ತಾಯಿ ಯಾರು. ಅವರ ಮೇಳದಲ್ಲಿ ಇದು ಕಟ್ಟುನಿಟ್ಟು. ಸಾರಥಿ ಕೇಳದ್ದನ್ನು ಪಾತ್ರ ಹೇಳುವಂತಿಲ್ಲ. ವಿಚಾರಣೆ ಮುಗಿಯುವ ತನಕ ಯಾರೂ ಕತ್ತಿ ಎತ್ತುವಂತಿಲ್ಲ.

ಆ ವರ್ಷ ಲಾಲಪ್ಪನವರು ರಾಕ್ಷಸನ ತಾಯಿಯ ಬಗ್ಗೆ ಹೊಸ ಮಾತು ಕಟ್ಟಿದ್ದರು. ತಾಲೀಮಿನಲ್ಲೂ ಅದನ್ನು ಬಿಟ್ಟುಕೊಟ್ಟಿರಲಿಲ್ಲ. "ಆಟದ ದಿನ ಕೇಳು, ಹೇಳ್ತೀನಿ" ಎಂದಷ್ಟೇ ಮಗನಿಗೆ ಹೇಳಿದ್ದರು. ಆಟದ ದಿನ ಪಂಜಿಗೆ ರಾಳ ಎರಚಿದಾಗ ಬೆಂಕಿ ಭಗ್ಗೆಂದಿತು. ಪರದೆ ಸರಿಯಿತು. ಮುಖಕ್ಕೆ ಕೆಂಪು ಕಪ್ಪು ಬಳಿದುಕೊಂಡ ತಂದೆಯನ್ನು ಅಷ್ಟು ಹತ್ತಿರದಿಂದ ಕಂಡು ಇಪ್ಪತ್ತೈದರ ತಾಯಪ್ಪನವರಿಗೆ ಪ್ರಶ್ನೆಗಳ ಕ್ರಮ ತಪ್ಪಿತು. ಹೆಸರು ಕೇಳಿದರು, ಊರು ಕೇಳಿದರು, ರಾಕ್ಷಸನ ತಂದೆ ಯಾರೆಂದು ಕೇಳಿದರು. ತಾಯಿಯ ಪ್ರಶ್ನೆಯನ್ನು ಬಿಟ್ಟು ಮೇಳದವರಿಗೆ ಮುಂದಿನ ಪದ ಹಾಡಲು ಕೈ ಮಾಡಿದರು.

ರಾಕ್ಷಸ ಅಲ್ಲಾಡಲಿಲ್ಲ. ಪದ ಶುರುವಾಗಿ ನಿಂತಿತು. ಜನ ನಕ್ಕರು. ಲಾಲಪ್ಪನವರು ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡು ರಂಗದಿಂದ ಇಳಿದು ಮನೆಗೆ ಹೋದರು. "ಕೇಳಾಕ ಬರಲಾರದವ ಸಾರಥಿ ಅಲ್ಲ" ಎಂದರು. ಆಮೇಲೆ ಅವರೂ ಬಣ್ಣ ಹಚ್ಚಲಿಲ್ಲ, ಮೇಳವೂ ಉಳಿಯಲಿಲ್ಲ. ಆ ತಾಯಿ ಯಾರೆಂಬುದು ಅವರ ಹೊಟ್ಟೆಯಲ್ಲೇ ಉಳಿಯಿತು.

ಮರುವರ್ಷ ತಾಯಪ್ಪನವರು ಹೆಂಡತಿ ಕಾಶವ್ವನವರ ಜೊತೆ ಪುಣೆಗೆ ಬಂದರು. ಊರಿನ ಹಲವು ಕುಟುಂಬಗಳು ಆಗಲೇ ಖರಾಡಿಯ ಸುತ್ತ ಕಟ್ಟಡದ ಕೆಲಸದಲ್ಲಿದ್ದವು. ನಾಲ್ಕು ವರ್ಷ ಇಬ್ಬರೂ ಸಿಮೆಂಟು ಹೊತ್ತರು. ಸಾರವೆಯಿಂದ ಬಿದ್ದು ಬಲಗಾಲು ಮುರಿದ ಮೇಲೆ ತಾಯಪ್ಪನವರಿಗೆ ಭಾರ ಹೊರುವುದು ಆಗಲಿಲ್ಲ. ಶಿವಾಜಿನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪುಸ್ತಕ ಕಟ್ಟುವುದನ್ನು ಕಲಿತರು. ಮೈದಾ ಅಂಟು ಕುದಿಸುವುದು, ದಾರಕ್ಕೆ ಮೇಣ ತೀಡುವುದು, ಹಾಳೆಗಳನ್ನು ಕುಟ್ಟಿ ಸಮ ಮಾಡಿ ಹೊಲಿಯುವುದು. ಅವರು ಹೊಲಿದ ಪುಸ್ತಕದ ಹಾಳೆ ಕಿತ್ತು ಬಂದದ್ದಿಲ್ಲ ಎಂದು ಕಾಲೇಜಿನ ಹುಡುಗರು ಹೇಳುತ್ತಿದ್ದರು.

೧೯೯೯ರ ಮಳೆಗಾಲದಲ್ಲಿ ಮಾಂತು ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಇನ್ನೂರು ಝೆರಾಕ್ಸ್ ಹಾಳೆ ತಂದು ಅವರ ಮೇಜಿನ ಮೇಲೆ ಇಟ್ಟ. ವಿಜಾಪುರದ ಕಡೆಯ ಬಟ್ಟೆ ವ್ಯಾಪಾರಿಗಳ ಮನೆಯ ಹುಡುಗ, ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ. ಜೊತೆಗೆ ಅವನ ಸಹಪಾಠಿ ಸ್ನೇಹಲ್ ಇದ್ದಳು. ಅವಳ ತಾಯಿ ಸೊಲ್ಲಾಪುರದವರು, ಆದ್ದರಿಂದ ಅವಳಿಗೂ ಕನ್ನಡ ಬರುತ್ತಿತ್ತು. ಹಾಳೆಗಳ ತುಂಬ ದೈತ್ಯರ ಚಿತ್ರಗಳಿದ್ದವು. ಒಬ್ಬನ ಗಡ್ಡದಲ್ಲಿ ಮಂಜು, ಒಬ್ಬನ ಕೂದಲಲ್ಲಿ ಬೆಂಕಿ, ಇನ್ನೊಬ್ಬ ಬಂಡೆಯನ್ನೇ ಚೆಂಡಿನಂತೆ ಹಿಡಿದಿದ್ದ.

"ಇವರೆಲ್ಲ ಯಾರ್ರಿ?" ಎಂದು ತಾಯಪ್ಪನವರು ಕೇಳಿದರು.

"ಇದು ಒಂದು ಆಟ ಕಾಕಾ" ಎಂದಳು ಸ್ನೇಹಲ್. "ಮೇಜಿನ ಸುತ್ತ ಕುಂತು ಆಡೋದು. ಒಬ್ಬೊಬ್ಬರು ಒಂದೊಂದು ಪಾತ್ರ. ನಡುವ ಕುಂತವ ಮಾಸ್ಟರ್. ಎಲ್ಲಿ ಇದ್ದೀರಿ, ಎದುರು ಏನು ಬಂತು, ಎಲ್ಲಾ ಅವನ ಹೇಳ್ತಾನ. ನಾವು ಏನು ಮಾಡ್ತೀವಿ ಅಂತ ನಾವು ಹೇಳಬೇಕು. ಹೊಡೆದಾಟ ಬಂದ್ರ ದಾಳ."

"ಅಂದ್ರ ಬಯಲಾಟ."

"ಬಣ್ಣ ಇಲ್ಲ, ಕುಣಿತ ಇಲ್ಲ" ಎಂದ ಮಾಂತು. "ಮಾತು ಅಷ್ಟ."

ತಾಯಪ್ಪನವರು ಬೆಂಕಿ ಕೂದಲಿನವನ ಮೇಲೆ ಬೆರಳಿಟ್ಟರು. "ಇವನ ತಾಯಿ ಯಾರು?"

ಮಾಂತು ನಕ್ಕ. ಸ್ನೇಹಲ್ ನಗಲಿಲ್ಲ. ಅವಳು ಪುಟ ತಿರುವಿ ಹುಡುಕಿದಳು. ಎತ್ತರ ಇತ್ತು, ತೂಕ ಇತ್ತು, ಎಷ್ಟು ಪೆಟ್ಟಿಗೆ ಸಾಯುತ್ತಾನೆ ಎಂಬುದೂ ಇತ್ತು. ತಾಯಿ ಇರಲಿಲ್ಲ. ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಮುಂದಿನ ವಾರ ಗ್ರಂಥಾಲಯದಿಂದ ಬರೆದುಕೊಂಡು ಬಂದು ಅವರು ಹೊಲಿಯುತ್ತ ಕೂತಾಗ ಓದಿ ಹೇಳಿದಳು. ಈ ಆಟದ ದೈತ್ಯರನ್ನು ಬರೆದವರು ಬೇರೆ ದೇಶಗಳ ಹಳೆಯ ಕಥೆಗಳಿಂದ ಎತ್ತಿಕೊಂಡಿದ್ದರು. ಉತ್ತರದ ಹಿಮದ ನಾಡಿನವರ ಪ್ರಕಾರ ಮೊದಲ ದೈತ್ಯ ಹುಟ್ಟಿದ್ದು ಕರಗುವ ಮಂಜಿನ ಹನಿಗಳಿಂದ. ಅವನು ಸತ್ತ ಮೇಲೆ ಅವನ ಮಾಂಸ ನೆಲವಾಯಿತು, ಎಲುಬು ಬೆಟ್ಟವಾಯಿತು. ಗ್ರೀಕರ ದೈತ್ಯರು ಆಕಾಶದ ರಕ್ತ ಭೂಮಿಯ ಮೇಲೆ ಬಿದ್ದಾಗ ಹುಟ್ಟಿದವರು. ಅವರಿಗೆ ಭೂಮಿಯೇ ತಾಯಿ.

"ನೋಡಿದ್ರಾ" ಎಂದರು ತಾಯಪ್ಪನವರು. "ತಾಯಿ ಇದ್ದಳು. ಆಟ ಬರದವರು ಕೇಳಿಲ್ಲ."

"ನಿಮ್ಮೂರಾಗ ದೈತ್ಯರು ಇಲ್ಲೇನ್ರಿ?"

"ಒಬ್ಬ ಇದ್ದ. ನಮ್ಮೂರ ಮುಂದ ಬೂದಿಗುಡ್ಡ ಅದ. ಮಣ್ಣಲ್ಲ, ಬೂದಿನ. ಒಬ್ಬ ರಾಕ್ಷಸನ್ನ ಕೊಂದು ಸುಟ್ಟಾಗ ಉಳಿದ ಬೂದಿ ಅಂತಾರ. ನಮ್ಮಪ್ಪ ಆಡ್ತಿದ್ದದ್ದು ಅವನ ಪಾತ್ರ."

"ಅವನ ತಾಯಿ ಯಾರ್ರಿ?"

ತಾಯಪ್ಪನವರು ದಾರ ಕಚ್ಚಿ ಹರಿದರು. "ಅದು ನನಗ ಗೊತ್ತಿಲ್ಲ ತಂಗಿ. ಕೇಳಬೇಕಾಗಿತ್ತು, ಕೇಳಲಿಲ್ಲ." ಆಮೇಲೆ ೧೯೮೭ರ ಆಟದ ಕಥೆಯನ್ನು ಹೇಳಿದರು. ಪುಣೆಯಲ್ಲಿ ಅದನ್ನು ಅವರು ಕಾಶವ್ವನವರ ಹೊರತು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು.

ಭಾನುವಾರ ಅಂಗಡಿಗೆ ರಜೆ. ಕೀಲಿ ತಾಯಪ್ಪನವರ ಬಳಿ. ಮಾಲಕರ ಒಪ್ಪಿಗೆ ಪಡೆದು ಹುಡುಗರು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಆಡತೊಡಗಿದರು. ಮಾಂತು, ಸ್ನೇಹಲ್ ಮತ್ತು ಅವರ ಇನ್ನಿಬ್ಬರು ಗೆಳೆಯರು. ಇಪ್ಪತ್ತು ಮುಖದ ದಾಳ ಇದ್ದದ್ದು ಒಂದೇ, ಯಾರದೋ ಮಾವ ಪರದೇಶದಿಂದ ತಂದದ್ದು. ಉಳಿದ ಲೆಕ್ಕಕ್ಕೆ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುತ್ತಿದ್ದರು. ತಾಯಪ್ಪನವರು ಮೂಲೆಯಲ್ಲಿ ಕೂತು ಹೊಲಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ಮಾಂತು ಮಾಸ್ಟರ್. ಅವನು ದೈತ್ಯನನ್ನು ತರುತ್ತಿದ್ದ, ಉಳಿದವರು ದಾಳ ಉರುಳಿಸುತ್ತಿದ್ದರು, ಹತ್ತು ನಿಮಿಷಕ್ಕೆ ದೈತ್ಯ ಸಾಯುತ್ತಿದ್ದ. ಮರುವರ್ಷದ ಬೇಸಿಗೆ ಹೊತ್ತಿಗೆ ಪುಸ್ತಕದ ದೈತ್ಯರೆಲ್ಲ ಸತ್ತು ಮುಗಿದಿದ್ದರು. ಹುಡುಗರು ಆಕಳಿಸತೊಡಗಿದರು.

"ಕಾಕಾ, ನೀವ ಮಾಸ್ಟರ್ ಆಗ್ರಿ" ಎಂದಳು ಸ್ನೇಹಲ್ ಒಂದು ಭಾನುವಾರ.

"ನನಗ ಇಂಗ್ಲಿಷ್ ಬರಂಗಿಲ್ಲ."

"ರಾಕ್ಷಸರಿಗೂ ಬರಂಗಿಲ್ಲ, ಬಿಡ್ರಿ" ಎಂದ ಮಾಂತು.

ತಾಯಪ್ಪನವರು ಕೈಯ ಅಂಟು ತೊಳೆದುಕೊಂಡು ಬಂದು ಕೂತರು. ಕನ್ನಡ, ಮರಾಠಿ, ಹಿಂದಿ ಮೂರೂ ಬೆರೆಸಿ ಹೇಳತೊಡಗಿದರು. ಬೆಟ್ಟದ ಕಣಿವೆ, ಎರಡೂ ಕಡೆ ಕರಿಬಂಡೆ, ನಡುವೆ ಒಂದೇ ದಾರಿ. ನೆಲ ನಡುಗಿತು. ರಾಕ್ಷಸ ಬಂದ. ಬಂದು ನಿಂತ. ಅಷ್ಟು ಹೇಳಿ ತಾಯಪ್ಪನವರು ಹುಡುಗರ ಕಡೆ ನೋಡಿದರು.

"ನಾ ಕತ್ತಿಲೆ ಹೊಡೀತೀನಿ" ಎಂದು ಮಾಂತು ದಾಳ ಉರುಳಿಸಿದ. "ಹತ್ತೊಂಬತ್ತು."

"ಪೆಟ್ಟು ಬಿದ್ದಿಲ್ಲ" ಎಂದರು ತಾಯಪ್ಪನವರು.

"ಹತ್ತೊಂಬತ್ತು ಬಿದ್ದದ ಕಾಕಾ. ಹತ್ತೊಂಬತ್ತಕ್ಕ ಆನಿನೂ ಬೀಳ್ತದ."

"ಆನಿ ಬೀಳಬಹುದು. ಇನ್ನೂ ಆಟನ ಚಾಲೂ ಆಗಿಲ್ಲಲ್ಲ. ಯಾರೂ ಕೇಳಿಲ್ಲ."

"ಏನು ಕೇಳಿಲ್ಲ?"

"ನೀನು ಯಾರು ಅಂತ. ಅವ ಬಂದು ನಿಂತಾನ. ಹೆಸರು ಕೇಳದ ಹೆಂಗ ಹೊಡೀತೀರಿ?"

ಮಾಂತು ಪುಸ್ತಕ ತೆರೆದು ಅವರ ಮುಂದೆ ತಳ್ಳಿದ. "ಈ ನಿಯಮ ಎಲ್ಲಿ ಅದ, ತೋರಸ್ರಿ."

ತಾಯಪ್ಪನವರಿಗೆ ಆ ಮಾತೇ ಅರ್ಥವಾಗಲಿಲ್ಲ. ಆಟ ಎಂದ ಮೇಲೆ ಇದು ಎಲ್ಲ ಆಟಕ್ಕೂ ಇರುವ ಕ್ರಮ ಎಂದೇ ಅವರು ತಿಳಿದಿದ್ದರು. ಹುಡುಗರು ಇಷ್ಟು ದಿನ ದಾಳ ಉರುಳಿಸುವ ಮೊದಲು ವಿಚಾರಣೆಯನ್ನು ಮನಸ್ಸಿನಲ್ಲೇ ಮುಗಿಸಿಕೊಂಡಿರಬೇಕು ಎಂದು ಅವರ ಎಣಿಕೆಯಾಗಿತ್ತು. ಆ ಎಣಿಕೆ ತಪ್ಪೆಂದು ತಿಳಿದಾಗ ಎದ್ದು ಮೂಲೆಗೆ ಹೋಗಬೇಕೆಂದಿದ್ದರು.

ಸ್ನೇಹಲ್ ಮೊಣಕೈ ಊರಿ ತಮಾಷೆಯ ದನಿಯಲ್ಲಿ ಕೇಳಿದಳು, "ರಾಕ್ಷಸ ಸಾಹೇಬ್ರ, ತಾವು ಯಾರ್ರಿ?"

ತಾಯಪ್ಪನವರು ಬೆನ್ನು ನೆಟ್ಟಗೆ ಮಾಡಿದರು. "ಎಲೈ, ಈ ಕಣಿವೆಯೊಳು ಕಾಲಿಟ್ಟ ನರಪ್ರಾಣಿಗಳೇ" ಎಂದು ಶುರುವಾದ ಮಾತು ಹೆಸರು ಹೇಳಿತು, ಊರು ಹೇಳಿತು, ತಂದೆಯನ್ನು ಹೇಳಿತು. ಹುಡುಗರು ಇನ್ನಷ್ಟು ಕೇಳಿದರು. ನೀನು ಇಲ್ಲಿ ಯಾಕೆ ನಿಂತಿದ್ದೀ, ಯಾರಿಗೆ ಕಾಯುತ್ತೀ, ಎಷ್ಟು ವರ್ಷವಾಯಿತು. ಎರಡು ತಾಸು ಕಳೆದದ್ದು ಯಾರಿಗೂ ತಿಳಿಯಲಿಲ್ಲ. ಮುಂದಿನ ಭಾನುವಾರ ಮಾಂತುವೇ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಬಂದ.

ಒಂದನ್ನು ಮಾತ್ರ ತಾಯಪ್ಪನವರು ಹೇಳುತ್ತಿರಲಿಲ್ಲ. ತಾಯಿಯ ಪ್ರಶ್ನೆ ಬಂದರೆ ರಾಕ್ಷಸ ಮುಖ ತಿರುಗಿಸಿಬಿಡುತ್ತಿದ್ದ. "ಬೇರೆ ಏನಾರ ಕಟ್ಟಿ ಹೇಳ್ರಿ" ಎಂದು ಮಾಂತು ಒತ್ತಾಯಿಸಿದರೆ, "ಅದು ಕಟ್ಟಿದವರ ಹತ್ರ ಅದ. ನಾ ಹೆಂಗ ಕಟ್ಟಲಿ?" ಎನ್ನುತ್ತಿದ್ದರು.

ಆ ವರ್ಷದ ಡಿಸೆಂಬರಿನಲ್ಲಿ ಲಾಲಪ್ಪನವರು ಕಣ್ಣಿನ ಪೊರೆ ತೆಗೆಸಲು ಪುಣೆಗೆ ಬಂದರು. ವಯಸ್ಸು ಅರವತ್ತೆಂಟು. ಮಗನ ಮನೆಯಲ್ಲಿ ಉಂಡರು, ಸೊಸೆಯ ರೊಟ್ಟಿ ಹೊಗಳಿದರು, ಆದರೆ ಮಗನ ಜೊತೆ ಆಟದ ಮಾತು ತೆಗೆಯಲಿಲ್ಲ. ಒಂದು ಭಾನುವಾರ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹುಡುಗರ ಆಟವನ್ನು ಕೊನೆಯ ತನಕ ಕೇಳಿದರು.

"ಹೆಂಗಿತ್ರಿ ಅಜ್ಜಾರ?" ಎಂದಳು ಸ್ನೇಹಲ್.

"ಸಾರಥಿನೂ ಇವನ, ರಾಕ್ಷಸನೂ ಇವನ. ತಾನ ಕರದು ತಾನ ಬಂದು ಮಾತಾಡಿದ್ರ ಅದು ಆಟ ಅಲ್ಲ, ಗೊಣಗಾಟ."

ಹುಡುಗರು ನಕ್ಕರು. ತಾಯಪ್ಪನವರೂ ನಗಲು ನೋಡಿದರು.

ಜನವರಿಯಲ್ಲಿ ಪುಣೆಯ ಡೆಕ್ಕನ್ ಬಡಾವಣೆಯ ಒಂದು ಸಭಾಂಗಣದಲ್ಲಿ ಈ ಆಟದ ಸ್ಪರ್ಧೆ ಇತ್ತು. ಊರಿನ ಕಾಲೇಜುಗಳಿಂದ ಹನ್ನೊಂದು ಮೇಜು. ಎಲ್ಲರಿಗೂ ಒಂದೇ ವಿಷಯ: ಕಣಿವೆಯ ದಾರಿಯನ್ನು ಒಬ್ಬ ದೈತ್ಯ ತಡೆದಿದ್ದಾನೆ, ಮೂರು ತಾಸಿನೊಳಗೆ ದಾಟಬೇಕು. ಮಾಸ್ಟರ್ ವಿದ್ಯಾರ್ಥಿಯೇ ಆಗಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ಮಾಂತು ಅರ್ಜಿಯಲ್ಲಿ ತಾಯಪ್ಪನವರ ಹೆಸರು ತುಂಬಿದ. ಆಮೇಲೆ ಸ್ನೇಹಲ್ ಲಾಲಪ್ಪನವರ ಬಳಿ ಕೂತು ಕೇಳಿದಳು, "ಅಜ್ಜಾರ, ರಾಕ್ಷಸ ನೀವ ಆಗ್ರಿ."

"ಕೇಳಾವ ಇವನಾದ್ರ ನಾ ಒಲ್ಲೆ" ಎಂದರು ಲಾಲಪ್ಪನವರು. ಮಗ ಎದುರಿಗೇ ಇದ್ದರು.

ಆ ದಿನ ಮನೆಯಲ್ಲಿ ಕಾಶವ್ವನವರು ಮಾವನಿಗೆ ಚಹಾ ಕೊಡುತ್ತ ಹೇಳಿದರು, "ಮಾವಾರ, ಅವರು ಒಂದು ಮಾತು ಮರತರು. ನೀವು ಹದಿನಾಕು ವರ್ಷದಿಂದ ಅದೊಂದನ್ನ ನೆನಪಿಟ್ಟೀರಿ. ಕಣ್ಣಿನ ಪೊರಿ ತಗಸಿದ್ದಾಯ್ತು, ಇದನ್ನೂ ತಗಸಿಬಿಡ್ರಿ."

"ನೋಡಾಕ ಬರ್ತೀನಿ" ಎಂದರು ಲಾಲಪ್ಪನವರು ಚಹಾದ ಬಟ್ಟಲು ಕೆಳಗಿಡುತ್ತ. "ಮಾತಾಡಂಗಿಲ್ಲ."

ಸ್ಪರ್ಧೆಯ ಮಧ್ಯಾಹ್ನ ಸಭಾಂಗಣದಲ್ಲಿ ಹನ್ನೊಂದು ಮೇಜುಗಳ ದಾಳದ ಸದ್ದು, ಇಂಗ್ಲಿಷ್ ಕೂಗು. ಅಪ್ಪಾಸಾಹೇಬ ಎಂಬ ನಿವೃತ್ತ ಪ್ರಾಧ್ಯಾಪಕರು ಮುಖ್ಯ ತೀರ್ಪುಗಾರರು. ಮೇಜಿನಿಂದ ಮೇಜಿಗೆ ತಿರುಗುತ್ತಿದ್ದರು. ತಾಯಪ್ಪನವರ ಮೇಜಿನ ಬಳಿ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಲಾಲಪ್ಪನವರು ಕೈಕಟ್ಟಿ ಕೂತಿದ್ದರು. ಪಕ್ಕದಲ್ಲಿ ಕಾಶವ್ವನವರು.

ತಾಯಪ್ಪನವರು ಹುಡುಗರನ್ನು ಊರಿನಿಂದ ಹೊರಡಿಸಿದರು, ಕಾಡು ದಾಟಿಸಿದರು, ಕಣಿವೆಯ ಬಾಯಲ್ಲಿ ಬಿಡಾರ ಹಾಕಿಸಿದರು. ಮಾಂತುವಿನ ಪಾತ್ರ ಕತ್ತಿಯವನದು. ಅವನು ಮೂರು ಕಲ್ಲಿಟ್ಟು ಒಲೆ ಹೂಡಿ ಗಂಜಿ ಕಾಯಿಸಿದ. ಬೆಳಗಾಯಿತು. ನೆಲ ನಡುಗಿತು.

"ರಾಕ್ಷಸ ಬಂದ" ಎಂದರು ತಾಯಪ್ಪನವರು.

ಮುಂದಿನ ಮಾತು ರಾಕ್ಷಸನದು. ಅದನ್ನು ಅವರು ಆಡಲಿಲ್ಲ. ಎದ್ದರು. ಕುಂಟುಗಾಲು ಎಳೆಯುತ್ತ ಮೂರು ಹೆಜ್ಜೆ ನಡೆದು ತಂದೆಯ ಕುರ್ಚಿಯ ಮುಂದೆ ನಿಂತು ಕೈಮುಗಿದರು. ಹೀಗೆ ಮಾಡುವುದಾಗಿ ಅವರು ಹುಡುಗರಿಗೂ ಹೇಳಿರಲಿಲ್ಲ. ಆ ಕುರ್ಚಿಯಿಂದ ಉತ್ತರ ಬರದಿದ್ದರೆ ಕಣಿವೆಯಲ್ಲಿ ರಾಕ್ಷಸನೇ ಇಲ್ಲ, ಆಟ ಅಲ್ಲಿಗೇ ಮುಗಿಯುತ್ತದೆ, ಅದೂ ಮತ್ತೆ ಜನರ ಎದುರಿಗೆ.

"ಬಂದಂಥವರು ಯಾರು? ತಮ್ಮ ನಾಮಾಂಕಿತವೇನು?"

ಲಾಲಪ್ಪನವರು ನೆಲ ನೋಡುತ್ತಿದ್ದರು. ಮಾಂತು ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತ. ಅಪ್ಪಾಸಾಹೇಬರು ಏನಾಗುತ್ತಿದೆ ಎಂದು ಹತ್ತಿರ ಬಂದು ನಿಂತರು. ಪಕ್ಕದ ಮೇಜಿನವರು ತಿರುಗಿದರು. ಯಾರೋ ಕಿಸಕ್ಕೆಂದರು.

ತಾಯಪ್ಪನವರು ಇನ್ನೊಮ್ಮೆ ಕೇಳಿದರು. ದನಿ ಮೊದಲಿಗಿಂತ ದೊಡ್ಡದಾಗಿತ್ತು.

ಲಾಲಪ್ಪನವರು ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಬಿಗಿದರು. ಎದ್ದರು. ಕುಳ್ಳ ಮನುಷ್ಯ, ಸಣಕಲು ಮೈ. ಎಡಗಾಲನ್ನು ಮುಂದಿಟ್ಟು ನೆಲಕ್ಕೆ ಅಪ್ಪಳಿಸಿದಾಗ ಮೇಜಿನ ಮೇಲಿನ ಚೀಟಿ ಡಬ್ಬಿ ಸದ್ದು ಮಾಡಿತು.

"ಎಲೈ ಸಾರಥಿ!"

ಸಭಾಂಗಣದ ಅಷ್ಟೂ ದಾಳಗಳು ನಿಂತವು. ಆ ದನಿ ಮೈಕು ಇಲ್ಲದೆ ಹತ್ತು ಊರಿನ ಜನಕ್ಕೆ ಮುಟ್ಟಿಸಿ ಅಭ್ಯಾಸವಿದ್ದ ದನಿ. ಹೆಸರು ಹೇಳಿದರು. ಮಗ ಊರು ಕೇಳಿದರು, ಅದನ್ನು ಹೇಳಿದರು. ಮಗ ರಾಕ್ಷಸನ ತಂದೆ ಯಾರೆಂದು ಕೇಳಿದರು, ಅದನ್ನೂ ಹೇಳಿದರು. ಆಮೇಲೆ ರಾಕ್ಷಸ ಎದೆ ಎತ್ತಿ ನಿಂತ. ಹದಿನಾಲ್ಕು ವರ್ಷದ ಹಿಂದೆ ನಿಂತಂತೆಯೇ ನಿಂತ. ಕಾಶವ್ವನವರು ಸೆರಗನ್ನು ಬಾಯಿಗೆ ಹಿಡಿದರು.

"ರಾಕ್ಷಸೇಂದ್ರನೇ" ಎಂದರು ತಾಯಪ್ಪನವರು, ಒಂದೊಂದೇ ಮಾತು ಬಿಡಿಸಿ, "ತಮ್ಮನ್ನು ಹಡೆದ ತಾಯಿ ಯಾರು?"

ಲಾಲಪ್ಪನವರ ಮುಖದ ಮೇಲೆ ರಾಕ್ಷಸನದಲ್ಲದ ಒಂದು ನಗು ಬಂದು ಹೋಯಿತು.

"ಕೇಳಿದೆಯಾ ಸಾರಥಿ, ಹೇಳುವೆನು ಕೇಳು. ಊರ ಮುಂದೆ ಬೂದಿಯ ಗುಡ್ಡವಿರುವುದು. ನನ್ನನ್ನು ಕೊಂದು ಸುಟ್ಟ ಬೂದಿಯೆಂದು ಜನರು ಆಡಿಕೊಳ್ಳುವರು. ಸುಳ್ಳು! ನಾನು ಹುಟ್ಟುವ ಮೊದಲೇ ಆ ಗುಡ್ಡವಿತ್ತು. ಅಟ್ಟುಣ್ಣುವ ಮನೆಗಳ ಹೆಣ್ಣುಮಕ್ಕಳು ಬೆಳಗಾಗೆದ್ದು ಒಲೆಯ ಬೂದಿಯನ್ನು ಮೊರದಲ್ಲಿ ತಂದು ಸುರಿದರು. ಅವ್ವ ಸುರಿದಳು, ಮಗಳು ಸುರಿದಳು, ಮೊಮ್ಮಗಳು ಸುರಿದಳು. ಸಾವಿರ ವರ್ಷದ ಸಾವಿರ ಒಲೆಗಳ ಬೂದಿ ಒಂದಾಗಿ ಬಸುರಾಯಿತು. ಆ ಬಸುರಿನಿಂದ ನಾನು ಬಂದೆನು. ಆ ಗುಡ್ಡವೇ ನನ್ನ ತಾಯಿ! ಇನ್ನು ನನ್ನ ಮೇಲೆ ಕತ್ತಿ ಎತ್ತುವವನು ಬರಲಿ. ಬರುವ ಮುನ್ನ ತನ್ನ ಮನೆಯ ಒಲೆಯ ಬೂದಿ ನನ್ನ ಮೈಯಲ್ಲಿ ಇಲ್ಲವೆಂದು ಆಣೆ ಮಾಡಲಿ."

ಸ್ನೇಹಲ್ ಅಪ್ಪಾಸಾಹೇಬರಿಗೆ ಮರಾಠಿಯಲ್ಲಿ ಪಿಸುಗುಟ್ಟಲು ಹೊರಟಳು. ಅರ್ಥವಾಗುತ್ತಿದೆ, ಬೇಡ ಎಂದು ಅವರು ಕೈ ಮಾಡಿದರು.

ಮಾಂತು ಮುಷ್ಟಿ ಬಿಚ್ಚಿ ದಾಳವನ್ನು ಡಬ್ಬಿಯೊಳಗೆ ಹಾಕಿದ. ಅದನ್ನು ಇಳಿಸಿಟ್ಟ ಮೇಲೆ ಅವನಿಗೆ ದಾರಿ ಹೊಳೆಯಿತು. "ನಾ ಕತ್ತಿ ಕೆಳಗ ಇಡ್ತೀನಿ" ಎಂದ. "ಕಣಿವಿ ಬಾಯಾಗ ನಾನು ಒಲಿ ಹಚ್ಚಿ ಗಂಜಿ ಕಾಸಿದ್ದೆ. ಆ ಒಲಿ ಬೂದಿ ಒಂದು ಮುಟಿಗಿ ತರ್ತೀನಿ. ರಾಕ್ಷಸನ ಕಾಲಿಗೆ ಹಚ್ತೀನಿ. ನನ್ನ ಒಲಿ ಬೂದಿನೂ ಅವನ ಮೈಯಾಗ ಸೇರಿತು, ಈಗ ಅವ ನನಗ ಅಣ್ಣ ಆಗ್ಬೇಕು. ಅಣ್ಣಾ, ದಾರಿ ಬಿಡು."

ಲಾಲಪ್ಪನವರು ಹುಡುಗನನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ದೊಡ್ಡಾಟದ ಠೀವಿಯಲ್ಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕೈ ಚಾಚಿ ದಾರಿ ತೋರಿಸಿದರು.

ಚಪ್ಪಾಳೆ ಬಾಗಿಲ ಬಳಿಯ ಕೊನೆಯ ಮೇಜಿನಿಂದ ಶುರುವಾಗಿ ಇತ್ತ ಬಂತು. ಒಬ್ಬ ತೀರ್ಪುಗಾರರು ಮಾತ್ರ ಗೊಣಗಿದರು: ಈ ಮೇಜಿನಲ್ಲಿ ಒಂದು ದಾಳವೂ ಉರುಳಿಲ್ಲ, ಅಂಕ ಯಾವುದಕ್ಕೆ ಕೊಡುವುದು? ಅಪ್ಪಾಸಾಹೇಬರು ವಿಷಯದ ಹಾಳೆಯನ್ನು ಅವರ ಮುಂದೆ ಹಿಡಿದರು. ದಾಟಬೇಕು ಎಂದಿತ್ತು, ಕೊಲ್ಲಬೇಕು ಎಂದಿರಲಿಲ್ಲ. ಮೊದಲ ಬಹುಮಾನದ ಕಪ್ಪನ್ನು ತಾಯಪ್ಪನವರ ಕೈಗೆ ಕೊಟ್ಟಾಗ ಅವರು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ, ತಂದೆ ಅಂದು ಕಿರೀಟ ಇಟ್ಟುಕೊಂಡಂತೆ ಕಂಕುಳಲ್ಲಿ ಇಟ್ಟುಕೊಂಡರು.

ಅಂದಿನಿಂದ ಪುಣೆಯ ಆಟಗಾರರಲ್ಲಿ ಹಲವರು ದೈತ್ಯ ಬಂದರೆ ಮೊದಲು ಹೆಸರು ಕೇಳತೊಡಗಿದರು. ಅಂಗಡಿಯ ಹಿಂದಿನ ಕೋಣೆ ಸಾಲದೆ ಹೋಯಿತು. ೨೦೦೬ರ ಹೊತ್ತಿಗೆ ಖರಾಡಿಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಶನಿವಾರಕ್ಕೆ ಆರು ಮೇಜು ಸೇರುತ್ತಿದ್ದವು. ತಾಯಪ್ಪನವರು ಒಂದು ಕಾಲಕ್ಕೆ ಅದೇ ರಸ್ತೆಯಲ್ಲಿ ಸಿಮೆಂಟು ಹೊತ್ತಿದ್ದರು. ಈಗ ಅಲ್ಲಿನ ಕಾವಲುಗಾರ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಸ್ನೇಹಲ್ ಸಂಗ್ರಹಿಸಿದ ದೈತ್ಯರ ಕಥೆಗಳನ್ನೆಲ್ಲ ಅವರೇ ಹೊಲಿದು ಕೆಂಪು ರಟ್ಟು ಹಾಕಿದರು. ಪ್ರತಿ ದೈತ್ಯನ ಪುಟದಲ್ಲೂ ಎತ್ತರಕ್ಕಿಂತ ಮೊದಲು ತಾಯಿಯ ಹೆಸರು ಇದೆ. ಮೊದಲ ಪುಟ ಬೂದಿಗುಡ್ಡದವನದು.

ಸ್ಪರ್ಧೆ ಮುಗಿದ ಮೂರನೆಯ ದಿನ ಲಾಲಪ್ಪನವರು ಊರಿಗೆ ಹೊರಟಿದ್ದರು. ಶಿವಾಜಿನಗರದ ನಿಲ್ದಾಣದಲ್ಲಿ ತಾಯಪ್ಪನವರು ಕಿಟಕಿಯ ಸೀಟು ಹಿಡಿದು ಕೊಟ್ಟು, ಕಾಶವ್ವನವರು ಕಟ್ಟಿದ ರೊಟ್ಟಿಯ ಗಂಟನ್ನು ತಂದೆಯ ತೊಡೆಯ ಮೇಲೆ ಇಟ್ಟು ಕೆಳಗಿಳಿದರು. ಬಸ್ಸು ಚಾಲೂ ಆಯಿತು. ಲಾಲಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಸುಗ್ಗಿ ಮುಗಿಸಿ ಊರಾಗ ಆಟ ಇಡಸ್ತೀನಿ. ಎಂಟು ದಿನ ಮೊದಲ ಬಾ, ತಾಲೀಮು ಆಗಬೇಕು."

"ಆಗ್ಲಿ ಯಪ್ಪಾ. ನಾನು ಯಾವ ಪಾತ್ರ?"

"ಯಾವ ಪಾತ್ರ ಅಂತ ಕೇಳ್ತೀಯಲ್ಲ" ಎಂದರು ಲಾಲಪ್ಪನವರು. "ಲಗೂನ ಕೇಳು ಈ ಸಲ. ನನಗ ವಯಸ್ಸಾಗ್ಯದ, ಭಾಳ ಹೊತ್ತು ನಿಲ್ಲಾಕ ಆಗಂಗಿಲ್ಲ."